ಸೊಟ್ಟ ಬಂದ ಪ್ರತಿ

ಝೆರಾಕ್ಸ್ ಯಂತ್ರದಿಂದ ಆಗ ತಾನೇ ಹೊರಬಂದ ಕಾಗದಕ್ಕೆ ಒಂದು ಬೆಚ್ಚನೆಯ ವಾಸನೆ ಇರುತ್ತದೆ. ಹದಿನೆಂಟು ವರ್ಷ ಆ ವಾಸನೆಯಲ್ಲೇ ಕೂತು ಅನ್ನ ಸಂಪಾದಿಸಿದವಳು ನಾನು. ಆದರೂ ಮೊನ್ನೆ ಹಡಗಲಿಯಲ್ಲಿ ಅದು ಮೂಗಿಗೆ ಬಡಿದಾಗ ಒಂದು ಹೆಜ್ಜೆ ಹಿಂದೆ ಸರಿದೆ. ತಂಗಿಯ ಮನೆಗೆ ಹೋದಾಗ ನನ್ನ ಫೋನು ನೀರಿನ ತೊಟ್ಟಿಗೆ ಬಿದ್ದು, ಹೊಸ ಸಿಮ್ ಕೊಳ್ಳಲು ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ನನ್ನ ಆಧಾರ್ ಕಾರ್ಡನ್ನು ಯಂತ್ರದ ಮೇಲಿಟ್ಟು, ನನ್ನನ್ನು ಕೇಳದೆಯೇ ಎರಡು ಪ್ರತಿ ತೆಗೆದಳು.

"ಒಂದು ಸಾಕಿತ್ತಲ್ಲವ್ವ" ಎಂದೆ.

"ಒಂದು ನಮ್ಮ ಹತ್ರ ಇರ್ಲಿ ಬಿಡ್ರಿ ಆಂಟಿ. ಮತ್ತ ಬಂದಾಗ ಬೇಕಾಗತೈತಿ."

ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಎರಡನೆಯ ಪ್ರತಿಯನ್ನು ಅವಳ ಕೈಯಿಂದ ಇಸಿದುಕೊಂಡು ಚೂರುಚೂರು ಮಾಡಿ ನನ್ನ ಚೀಲಕ್ಕೆ ಹಾಕಿಕೊಂಡೆ. ಮೊದಲನೆಯದರ ಮೇಲೆ, ನನ್ನ ಮುಖದ ಮೇಲೇ ಹಾದುಹೋಗುವಂತೆ, "ಈ ಒಂದು ಸಿಮ್‌ಗೆ ಮಾತ್ರ" ಎಂದು ಬರೆದು ತಾರೀಖು ಹಾಕಿದೆ. ಹುಡುಗಿ ನಕ್ಕು, "ಭಾಳ ಸಂಶಯದೋರು ಬಿಡ್ರಿ ನೀವು" ಎಂದಳು. ಹೌದವ್ವ ಎಂದು ಬಂದುಬಿಟ್ಟೆ. ನನ್ನ ಸಂಶಯಕ್ಕೆ ಒಂದು ಮಳೆಗಾಲದ ಕಥೆ ಇದೆ ಎಂದು ಅವಳಿಗೇಕೆ ಹೇಳಲಿ.

ಕೊಟ್ಟೂರಿನಲ್ಲಿ ತಾಲೂಕು ಕಚೇರಿಗೆ ಹತ್ತಿರದ ಸಾಲಿನಲ್ಲಿ ನನ್ನ ಅಂಗಡಿ ಇತ್ತು. ಟೈಪಿಂಗ್, ಝೆರಾಕ್ಸ್, ಅರ್ಜಿ ಬರೆದುಕೊಡುವುದು. ಊರವರಿಗೆ ನಾನು ಟೈಪಿಂಗ್ ಸರೋಜಕ್ಕ. ಸಂಶಯ ನನಗೆ ಹುಟ್ಟಿನಿಂದಲೇ ಬಂದದ್ದು. ಗುಡಿಗೆ ಹೋದರೆ ಚಪ್ಪಲಿಯಲ್ಲಿ ಒಂದನ್ನು ಈ ಮೂಲೆಯಲ್ಲಿ, ಇನ್ನೊಂದನ್ನು ಆ ಮೂಲೆಯಲ್ಲಿ ಬಿಡುವವಳು. ಹಾಲಿನವನ ಕ್ಯಾನಿನೊಳಗೆ ಬೆರಳದ್ದಿ ನೋಡುವವಳು. ನಮ್ಮ ಮನೆಯವರು, "ನೀನು ಯಮ ಬಂದರೂ ಗುರುತಿನ ಚೀಟಿ ಕೇಳಾಕಿ" ಎಂದು ಆಡಿಕೊಳ್ಳುತ್ತಿದ್ದರು. ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಇಂಥ ನನ್ನನ್ನು ಉಜ್ಜಿನಿ ಕಡೆಯ ಹಟ್ಟಿಗಳ ಕುರಿಯವರು ನಂಬಿದ್ದರು. ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹೊರಟರೆ ಅವರು ಮರಳುವುದು ಯುಗಾದಿಯ ಹೊತ್ತಿಗೆ. ಯಾರದೋ ಹೊಲದಲ್ಲಿ, ಯಾವುದೋ ಕಾಲುವೆಯ ದಂಡೆಯಲ್ಲಿ ಅವರ ವಾಸ. ಕಾಗದಪತ್ರ ಜೊತೆಗಿದ್ದರೆ ಇಬ್ಬನಿಗೆ ತೊಯ್ಯುತ್ತದೆ, ಇಲ್ಲವೆ ಕುರಿ ಮೇಯುತ್ತದೆ. ಹಾಗಾಗಿ ಕಾರ್ಡು, ಪಾಸ್‌ಬುಕ್ಕು, ಫೋಟೊ ಎಲ್ಲದರ ಒಂದೊಂದು ಪ್ರತಿ ನನ್ನ ಅಂಗಡಿಯಲ್ಲಿ ಬಿಟ್ಟುಹೋಗುವುದು ರೂಢಿಯಾಯಿತು. ಅವರು ಅಲ್ಲೆಲ್ಲೋ ಇರುವಾಗ ಯಾವುದಾದರೂ ಅರ್ಜಿಗೆ ಕಡೆಯ ದಿನ ಬಂದರೆ ನಾನೇ ತುಂಬಿ ಕಳಿಸುತ್ತಿದ್ದೆ. ಗೋಡೆಯ ಮೇಲಿನ ಬೀಗ ಹಾಕುವ ಕಪಾಟಿನಲ್ಲಿ ಉಜ್ಜಿನಿಯವರದು ಒಂದು ಸಾಲು, ಚಿಗಟೇರಿ ಕಡೆಯವರದು ಇನ್ನೊಂದು ಸಾಲು, ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಬೀಗದ ಕೈ ನನ್ನ ಸೊಂಟದಲ್ಲಿ.

ಆ ಗಂಟುಗಳಲ್ಲಿ ಒಂದು ಮೈಲವ್ವನದು. ಗಂಡ ಹೋದ ಮೇಲೆ ಮೈದುನ ಬೀರಪ್ಪನ ಜೊತೆ ಸೇರಿ ಹಿಂಡು ನೋಡಿಕೊಳ್ಳುತ್ತಿದ್ದ ಹೆಂಗಸು. ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಅರ್ಧ ಮೊಳ ಎತ್ತರ. ಬಂದಾಗಲೆಲ್ಲ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಹಟ್ಟಿಯ ಸುದ್ದಿಯೆಲ್ಲ ಹೇಳುವಳು. ಓದು ಬರಹ ಇಲ್ಲ. "ನೀ ಓದಿದ್ರ ನಾ ಓದಿದಂಗ ಯಕ್ಕ" ಎಂದು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವಳು. ಹಾಗೆಲ್ಲ ಒತ್ತಬಾರದು ಎಂದು ನಾನೇ ಬೈಯುತ್ತಿದ್ದೆ.

ಆ ವರ್ಷ ಮುಂಗಾರು ಸರಿಯಾಗಿಯೇ ಹಿಡಿದಿತ್ತು. ಆಷಾಢದ ಗಾಳಿಗೆ ಅಂಗಡಿಯ ಫಲಕ ದಿನವಿಡೀ ಬಡಿದುಕೊಳ್ಳುತ್ತಿತ್ತು. ಅಂಥ ಒಂದು ಬೆಳಿಗ್ಗೆ ಮೈಲವ್ವ ಬಂದಳು. ಮೆಟ್ಟಿಲ ಮೇಲೆ ಕೂರಲಿಲ್ಲ.

"ಯಕ್ಕ, ನನ್ನ ಮ್ಯಾಲೆ ಕಳ್ಳತನ ಬಂದೈತಿ" ಎಂದಳು.

ಬೇರೆ ರಾಜ್ಯದ ಇಬ್ಬರು ಪೊಲೀಸರು ಹಟ್ಟಿಗೆ ಬಂದಿದ್ದರಂತೆ. ಅಲ್ಲಿ ಯಾರೋ ಬ್ಯಾಂಕಿನವರೆಂದು ಹೇಳಿಕೊಂಡು ವಯಸ್ಸಾದವರಿಗೆ ಫೋನು ಮಾಡಿ ಮೋಸ ಮಾಡಿದ್ದರು. ಫೋನು ಬಂದ ಎರಡು ಸಿಮ್ಮುಗಳೂ ಮೈಲವ್ವನ ಹೆಸರಿನಲ್ಲಿದ್ದವು. ಸಿಮ್ಮಿನ ಅರ್ಜಿಗೆ ಅವಳ ಆಧಾರ್ ಪ್ರತಿ ಅಂಟಿಸಿತ್ತು, ಕೆಳಗೆ ಅವಳ ಹೆಸರಿನ ಸಹಿಯೂ ಇತ್ತು. ನನಗೆ ಸಹಿ ಬರುವುದಿಲ್ಲ ಎಂದು ಮೈಲವ್ವ ಹೇಳಿದ್ದಳು. ಸಹಿಯನ್ನು ಯಾರಿಂದಲಾದರೂ ಹಾಕಿಸಿರಬಹುದು, ಪ್ರತಿ ಯಾರಿಗೆ ಕೊಟ್ಟೆ ಹೇಳು, ಹೇಳದಿದ್ದರೆ ನೀನೂ ಅವರ ಪಾಲುದಾರಳೇ ಎಂದು ಪೊಲೀಸರು ಬೆದರಿಸಿ ಹೋಗಿದ್ದರು. ಇಲ್ಲಿಯ ಠಾಣೆಗೆ ಪ್ರತಿ ಸೋಮವಾರ ಬಂದು ಹಾಜರಿ ಹಾಕಬೇಕು, ಊರು ಬಿಟ್ಟು ಹೋಗಕೂಡದು ಎಂದು ಅಪ್ಪಣೆಯಾಗಿತ್ತು.

"ದೀಪಾವಳಿ ತನಕ ಇದು ಹರೀದಿದ್ರ ಹಿಂಡು ಹೊಂಡಂಗಿಲ್ಲ. ಬೀರಪ್ಪ ಒಬ್ಬನ ಕೈಲಿ ಆಗಂಗಿಲ್ಲ. ಮಾರೋದ ಗತಿ" ಎಂದಳು. ಅವಳ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವತ್ತಿನಿಂದ ನನ್ನ ಸಂಶಯಕ್ಕೆ ರೆಕ್ಕೆ ಬಂತು. ಪಡಿತರದ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಕಾರ್ಡನ್ನು ಎಷ್ಟು ಹೊತ್ತು ಕೈಯಲ್ಲಿಟ್ಟುಕೊಳ್ಳುತ್ತಾನೆ ಎಂದು ಎದುರಿಗೆ ನಿಂತು ನೋಡಿದೆ. ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಬಸ್ ನಿಲ್ದಾಣದ ಹತ್ತಿರ ಕೊಡೆ ಹಾಕಿಕೊಂಡು ಸಿಮ್ ಮಾರುವವರ ಮುಖ ಒಬ್ಬೊಬ್ಬರದಾಗಿ ನೋಡಿ ಬಂದೆ. ಎಲ್ಲರೂ ಕಳ್ಳರ ಹಾಗೇ ಕಂಡರು. ಕೊನೆಗೆ ನನ್ನ ಕಣ್ಣು ಬೀರಪ್ಪನ ಮೇಲೆ ನಿಂತಿತು. ಮನೆಯೊಳಗಿನ ಮನುಷ್ಯ, ಅತ್ತಿಗೆಯ ಪೆಟ್ಟಿಗೆಗೆ ಕೈ ಹಾಕಬಲ್ಲವನು, ಈಚೆಗೆ ಹೊಸ ಫೋನು ಕೊಂಡವನು. ಅಷ್ಟು ಸಾಕಾಯಿತು. ಅರ್ಜಿ ಟೈಪು ಮಾಡಿಸಲು ಬಂದ ಠಾಣೆಯ ದಫೇದಾರರ ಕಿವಿಯಲ್ಲಿ, "ಆ ಮೈದುನನ್ನ ಒಂದ್ಸಲ ಕೇಳಿ ನೋಡ್ರಿ" ಎಂದು ಹೇಳಿಯೇಬಿಟ್ಟೆ.

ಅವರು ಬೀರಪ್ಪನನ್ನು ಕರೆಸಿ ಬೆಳಿಗ್ಗೆಯಿಂದ ಹೊತ್ತು ಮುಳುಗುವ ತನಕ ಬೆಂಚಿನ ಮೇಲೆ ಕೂರಿಸಿ ಕೇಳಿದರು. ಏನೂ ಸಿಗಲಿಲ್ಲ, ಬಿಟ್ಟರು. ಆದರೆ ಹಟ್ಟಿಯವರು ಬಿಡಲಿಲ್ಲ. ಠಾಣೆ ಕಂಡವನ ಹಿಂಡಿನ ಜೊತೆ ನಮ್ಮ ಹಿಂಡು ಸೇರಿಸುವುದಿಲ್ಲ ಎಂಬ ಮಾತು ಎದ್ದಿತು. ನಾನು ಆಗಲೂ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ, ಪೊಲೀಸರು ಸುಮ್ಮನೆ ಕೂರಿಸುತ್ತಾರೆಯೇ ಎಂದುಕೊಂಡೆ. ಕೂರಿಸಿದವಳು ನಾನೇ ಎಂಬುದನ್ನು ಎಷ್ಟು ಬೇಗ ಮರೆತಿದ್ದೆ ನೋಡಿ.

ಮೈಲವ್ವನಿಗೆ ಒಬ್ಬ ವಕೀಲರನ್ನು ಹುಡುಕಿಕೊಟ್ಟವಳೂ ನಾನೇ. ಹರಪನಹಳ್ಳಿಯ ರುದ್ರಮುನಿ ವಕೀಲರು, ಸಣ್ಣ ದನಿಯ ಮನುಷ್ಯ, ಫೀಸಿನ ಮಾತೇ ಎತ್ತಲಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬರ ಗುರುತು ಕದ್ದು ಮೋಸ ಮಾಡುವವರ ವಿರುದ್ಧ ರಾಜ್ಯದ ಕಾನೂನು ಬಿಗಿ ಮಾಡಬೇಕೆಂಬ ಮಾತು ನಡೆದಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕಿನವರ ಸಹಿ ಹಾಕಿಸಿ ಒಂದು ಮನವಿ ಕಳಿಸಬೇಕೆಂದು ವಕೀಲರು ಹೊರಟಿದ್ದರು. ಅದನ್ನು ಟೈಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಕದ್ದೋರ ಕೈ ಕಡೀಬೇಕು ಅಂತ ಹಾಕ್ರಿ ಸರ್" ಎಂದೆ.

"ಹಂಗೆಲ್ಲ ಬರಿಯಾಕೆ ಬರಲ್ಲಮ್ಮ" ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲು ಕಳಕೊಂಡೋರ ಮಾತು ಬರೀರಿ. ಯಾರ ಹೆಸರು ಕಳುವಾಗೈತೋ ಅವರನ್ನೇ ಕಳ್ಳರು ಅಂತ ಅಲೆದಾಡಿಸಬಾರದು. ಠಾಣೆಯೋರು ಅವರ ಕೈಗೆ ಒಂದು ಪತ್ರ ಕೊಡಬೇಕು. ಯಾವ ರಾಜ್ಯದ ಪೊಲೀಸರು ಬಂದ್ರೂ ಅದನ್ನು ತೋರಿಸಿದ್ರೆ ಸಾಕು ಅನ್ನಂಗಿರಬೇಕು."

ಅದು ಸರಿ ಎನಿಸಿತು. ಟೈಪು ಮಾಡಿದೆ.

ಶ್ರಾವಣದ ಒಂದು ಸೋಮವಾರ ವಕೀಲರು, "ನೀವೂ ಬರ್ರಿ, ಆಯಮ್ಮಗೆ ಧೈರ್ಯ ಇರ್ತದೆ" ಎಂದು ನನ್ನನ್ನೂ ಠಾಣೆಗೆ ಕರೆದುಕೊಂಡು ಹೋದರು. ದಫೇದಾರರು ಕಡತ ತೆಗೆದು ಸಿಮ್ಮಿನ ಅರ್ಜಿ ತೋರಿಸಿದರು. ನಾನೂ ಕತ್ತು ಚಾಚಿದೆ. ಮೈಲವ್ವನ ಆಧಾರ್ ಪ್ರತಿ ಸೊಟ್ಟಗೆ ಬಂದಿತ್ತು. ಮೇಲಿನ ಮೂಲೆ ಅರ್ಧ ತುಂಡಾಗಿತ್ತು. ಬಲಗಡೆ ಅಂಚಿನಿಂದ ಎರಡು ಬೆರಳು ಒಳಗೆ, ಮೇಲಿನಿಂದ ಕೆಳಗಿನವರೆಗೆ, ಕೂದಲೆಳೆಯಷ್ಟು ಸಣ್ಣದೊಂದು ಕಪ್ಪು ಗೆರೆ.

ಆ ಗೆರೆ ನನ್ನ ಯಂತ್ರದ್ದು. ಯುಗಾದಿಯ ಹೊತ್ತಿಗೆ ಯಂತ್ರದೊಳಗಿನ ಉರುಳೆಯ ಮೇಲೆ ಗೀರು ಬಿದ್ದು, ತೆಗೆದ ಪ್ರತಿಯಲ್ಲೆಲ್ಲ ಅಂಥ ಗೆರೆ ಬರುತ್ತಿತ್ತು. ಬಸವ ಜಯಂತಿಯ ಮರುದಿನ ಉರುಳೆ ಬದಲಾಯಿಸಿದ್ದೆ. ಆ ನಡುವೆ ಕುರಿ ವಿಮೆಯ ಅರ್ಜಿಗೆಂದು ಬಂದ ಮೈಲವ್ವನ ಕಾರ್ಡಿನ ಪ್ರತಿ ಒಮ್ಮೆ ಸೊಟ್ಟ ಬಂದಿತ್ತು, ಇನ್ನೊಮ್ಮೆ ತೆಗೆದಿದ್ದೆ. ಎಲ್ಲ ನೆನಪಾಯಿತು. ವಕೀಲರು ನನ್ನ ಮುಖ ನೋಡಿ, "ಯಾಕಮ್ಮ, ಹುಷಾರಿಲ್ಲೇನು" ಎಂದರು. ಸೆಖೆ ಎಂದೆ. ಹೊರಗೆ ಜಿಟಿಜಿಟಿ ಮಳೆ ಬರುತ್ತಿತ್ತು.

ಅಂಗಡಿಗೆ ಬಂದು ಕಪಾಟು ತೆಗೆದೆ. ಮೈಲವ್ವನ ಗಂಟು ಕಟ್ಟಿದ ಹಾಗೇ ಇತ್ತು. ಬಿಚ್ಚಿ ನೋಡಿದರೆ ಒಂದು ಕಾಗದವೂ ಕಡಿಮೆ ಇಲ್ಲ. ಸರಿಯಾಗಿ ಬಂದ ಪ್ರತಿ ಅಲ್ಲೇ ಇದೆ. ಹಾಗಾದರೆ ಸೊಟ್ಟ ಬಂದದ್ದು ಎಲ್ಲಿ ಹೋಯಿತು ಎಂದು ತಲೆಗೆ ಕೈ ಹಚ್ಚಿ ಕೂತೆ. ಅಷ್ಟರಲ್ಲಿ ಪಕ್ಕದ ಮಿರ್ಚಿ ಬಜ್ಜಿ ಅಂಗಡಿಯ ಕೊಟ್ರಮ್ಮ ದಿನದಂತೆ ನಾಲ್ಕು ಮಿರ್ಚಿ, ಒಂದು ಹಿಡಿ ಮಂಡಕ್ಕಿ ತಂದು ಮೇಜಿನ ಮೇಲಿಟ್ಟು ಹೋದಳು. ಕಟ್ಟಿದ ಕಾಗದದಲ್ಲಿ ಎಣ್ಣೆ ಇಳಿದು, ಹಿಂದಿನಿಂದ ಯಾರದೋ ಮುಖ ಮೂಡುತ್ತಿತ್ತು. ಬಿಚ್ಚಿದೆ. ಚಿಗಟೇರಿ ಕಡೆಯ ಒಬ್ಬ ಮುದುಕನ ಆಧಾರ್ ಪ್ರತಿ. ಹೆಸರು, ಊರು, ಹನ್ನೆರಡು ಅಂಕಿ, ಎಲ್ಲ ಸ್ಪಷ್ಟವಾಗಿತ್ತು.

ಅವಳಿಗೆ ಆ ಕಾಗದ ಕೊಡುವವಳು ನಾನೇ. ಸೊಟ್ಟ ಬಂದದ್ದು, ಕಪ್ಪಗೆ ಬಂದದ್ದು, ಅರ್ಧ ಬಂದದ್ದು, ಎಲ್ಲವನ್ನೂ ಬುಟ್ಟಿಗೆ ಹಾಕಿ ವಾರಕ್ಕೊಮ್ಮೆ ಕೊಟ್ರಮ್ಮನಿಗೆ ಕೊಡುತ್ತಿದ್ದೆ. ಅವಳು ಅದಕ್ಕೆ ಬದಲು ದಿನಾ ಮಿರ್ಚಿ ಕೊಡುತ್ತಿದ್ದಳು. ಒಳ್ಳೆಯ ಪ್ರತಿಗೆ ಬೀಗ, ಕೆಟ್ಟ ಪ್ರತಿಗೆ ಮಿರ್ಚಿ. ಕೆಟ್ಟ ಪ್ರತಿಯಲ್ಲೂ ಅದೇ ಮನುಷ್ಯ ಇದ್ದಾನೆ ಎಂದು ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ.

ಪಕ್ಕಕ್ಕೆ ಹೋಗಿ, "ಕೊಟ್ರಿ, ಈ ಕಾಗದ ಯಾರಾದ್ರೂ ಕೇಳಿ ಒಯ್ದಿದ್ರೇನು" ಎಂದೆ.

"ಬ್ಯಾಸಿಗ್ಯಾಗ ಒಬ್ಬ ಕೊಡಿ ಹಾಕ್ಕೊಂಡು ಇಲ್ಲೇ ಸಿಮ್ ಮಾರಾಕ ಕೂಡ್ತಿದ್ನಲ್ಲಕ್ಕ, ಅವ ಒಯ್ತಿದ್ದ. ಕೆಳಗ ಹಾಸ್ಕೊಂಡು ಕೂಡಾಕ ಬೇಕು ಅಂದ. ಕಾಗದಕ್ಕೇನು, ತಗೊಂಡ್ ಹೋಗಪ್ಪ ಅಂದೆ" ಎಂದು ಅವಳು ಬಾಣಲೆಯಿಂದ ಮಿರ್ಚಿ ಎತ್ತುತ್ತಲೇ ಹೇಳಿದಳು. ಆ ಮನುಷ್ಯ ಊರು ಬಿಟ್ಟು ಮೂರು ತಿಂಗಳಾಗಿತ್ತು.

ಆಗಲೇ ನಾನು ಠಾಣೆಗೆ ಓಡಬೇಕಿತ್ತು. ಓಡಲಿಲ್ಲ. ಅಂಗಡಿ ಮುಚ್ಚಿಸುತ್ತಾರೆ, ನನ್ನ ಮೇಲೇ ಕೇಸು ಹಾಕುತ್ತಾರೆ, ಊರಲ್ಲಿ ಮುಖ ಎತ್ತುವ ಹಾಗಿಲ್ಲ ಎಂದು ಹೆದರಿದೆ. ಇಡೀ ಭಾದ್ರಪದ ಹೊಟ್ಟೆಯಲ್ಲಿಟ್ಟುಕೊಂಡು ಕೂತೆ. ಮೈಲವ್ವ ಪ್ರತಿ ಸೋಮವಾರ ಠಾಣೆಗೆ ಹೋಗುವಾಗ ನನ್ನ ಅಂಗಡಿ ಹಾದು ಹೋಗುತ್ತಿದ್ದಳು. ನಾನು ಟೈಪು ಮಾಡುವ ಕಾಗದದಿಂದ ತಲೆ ಎತ್ತುತ್ತಿರಲಿಲ್ಲ. ಸಂಶಯವಂತೂ ಈಗ ಬೇರೆಯೇ ದಾರಿ ಹಿಡಿಯಿತು. ಕೊಟ್ರಮ್ಮ ಯಾರಿಗಾದರೂ ಹೇಳಿದ್ದಾಳೆಯೇ, ದಫೇದಾರರು ನನ್ನ ಯಂತ್ರದ ಕಡೆ ಯಾಕೆ ನೋಡಿದರು, ವಕೀಲರು ಯಾಕೆ ನಕ್ಕರು.

ಆ ದಿನಗಳಲ್ಲೇ ವಕೀಲರು ಮನವಿಗೆ ಇನ್ನೊಂದು ಅಂಶ ಹೇಳಿ ಬರೆಸಿದರು. ವ್ಯಾಪಾರಕ್ಕಾಗಿ ಇನ್ನೊಬ್ಬರ ಗುರುತಿನ ಪ್ರತಿ ತೆಗೆಯುವವರು, ಇಟ್ಟುಕೊಳ್ಳುವವರು, ಕೆಟ್ಟುಹೋದ ಪ್ರತಿಗೂ ಹೊಣೆಗಾರರಾಗಬೇಕು ಎಂಬುದು. ನಾನು ಅದನ್ನು ಟೈಪು ಮಾಡದೆ ಮುಂದಿನ ಅಂಶಕ್ಕೆ ಹೋದೆ. ಅಂಶಗಳ ಕ್ರಮಸಂಖ್ಯೆ ಸರಿಪಡಿಸಿ ಕೈಗೆ ಕೊಟ್ಟೆ. ಅವರು ನನ್ನ ಮೇಲಿನ ನಂಬಿಕೆಯಿಂದ ಓದದೆ ಚೀಲಕ್ಕೆ ಹಾಕಿಕೊಂಡರು. ಮನವಿ ಇನ್ನೂ ಸಹಿಗೆ ಹೋಗಿರಲಿಲ್ಲ.

ಮಹಾನವಮಿ ಹತ್ತಿರ ಬಂದಾಗ ಅವರು ಅಂಗಡಿಗೆ ಬಂದು ಬೇಸರದಿಂದ ಕೂತರು.

"ಆಯಮ್ಮ ಕೆಲಸ ಕೆಡಿಸ್ತಾಳೆ ಕಣ್ರಿ. ಪ್ರತಿ ಯಾರ ಹತ್ರ ಬಿಟ್ಟಿದ್ದೆ ಹೇಳಮ್ಮ ಅಂತ ಹತ್ತು ಸಲ ಕೇಳಿದ್ದೀನಿ. ಹೇಳಲ್ಲ. ಹೇಳಿದ್ರೆ ಅವರಿಗೆ ತ್ರಾಸ ಆಗತೈತಿ, ಅವರು ಅಂಥೋರಲ್ಲ ಅಂತಾಳೆ. ಇವಳು ಬಾಯಿ ಬಿಡದಿದ್ರೆ ಮುಂದಿನ ವಾರ ಆ ರಾಜ್ಯದೋರು ಬಂದು ಕರ್ಕೊಂಡು ಹೋಗ್ತಾರೆ."

ಮೂರು ತಿಂಗಳಿಂದ ನಾನು ಊರವರನ್ನೆಲ್ಲ ಅನುಮಾನಿಸಿದ್ದೆ, ಅವಳ ಮೈದುನನ ಹೆಸರು ಹೇಳಿದ್ದೆ. ಅವಳು ಅಷ್ಟೂ ದಿನ ನನ್ನ ಹೆಸರನ್ನು ಬಾಯೊಳಗೆ ಮುಚ್ಚಿಟ್ಟುಕೊಂಡಿದ್ದಳು. ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ವಕೀಲರು ಗಾಬರಿಯಾದರು. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಆ ಗೆರೆ ಇರೋ ಬೇರೆ ಪ್ರತಿ ಅದಾವೇನ್ರಿ" ಎಂದು ಮಾತ್ರ ಕೇಳಿದರು.

ಇದ್ದವು. ಆ ದಿನಗಳಲ್ಲಿ ತೆಗೆದ ಹನ್ನೊಂದು ಜನರ ಪ್ರತಿಗಳನ್ನು ಕಪಾಟಿನಿಂದ ತೆಗೆದುಕೊಂಡು ಠಾಣೆಗೆ ಹೋದೆವು. ಎಲ್ಲದರಲ್ಲೂ ಬಲಗಡೆ ಎರಡು ಬೆರಳು ಒಳಗೆ ಅದೇ ಗೆರೆ. ದಫೇದಾರರು ಕಡತದ ಪ್ರತಿಯ ಪಕ್ಕ ಒಂದೊಂದಾಗಿ ಇಟ್ಟು ನೋಡಿದರು. ನನ್ನ ಹೇಳಿಕೆ ಬರೆದುಕೊಂಡರು. ಕೊಟ್ರಮ್ಮನ ಹೇಳಿಕೆಯೂ ಆಯಿತು. "ಓದಿದೋರು ನೀವು. ಇಂಥ ಕಾಗದಾನ ಮಿರ್ಚಿ ಕಟ್ಟಾಕ ಕೊಡ್ತೀರೇನ್ರಿ" ಎಂದು ದಫೇದಾರರು ಎಲ್ಲರೆದುರು ಕೇಳಿದರು. ಆ ಸಿಮ್ ಮಾರುವವನನ್ನು ಆಮೇಲೆ ಎಲ್ಲೋ ದೂರದಲ್ಲಿ ಹಿಡಿದರೆಂದು ಕೇಳಿದೆ. ಅವನ ಹತ್ತಿರ ಎಣ್ಣೆ ಹತ್ತದ ಇನ್ನೂ ಎಷ್ಟೋ ಪ್ರತಿಗಳು ಸಿಕ್ಕವಂತೆ.

ಮೈಲವ್ವನಿಗೆ ಬೇರೆ ಯಾರೂ ಹೇಳುವ ಮೊದಲು ನಾನೇ ಹೇಳಬೇಕೆಂದು ಠಾಣೆಯ ಜಗುಲಿಯ ಮೇಲೆ ಅವಳ ಪಕ್ಕ ಕೂತೆ. ಹೇಳಿ ಮುಗಿಸುವ ತನಕ ಅವಳು ಅಂಗಳದ ಬೇವಿನ ಮರ ನೋಡುತ್ತಿದ್ದಳು. ಆಮೇಲೆ ಒಂದೇ ಮಾತು ಕೇಳಿದಳು.

"ಬೀರಪ್ಪನ ಹೆಸರು ಕೊಟ್ಟಾಕೀನೂ ನೀನ ಏನು?"

ಹೌದು ಎಂದೆ. ಅವಳು ಸೆರಗು ಸರಿಮಾಡಿಕೊಂಡು ಎದ್ದು, ಜಗುಲಿಯ ಆ ತುದಿಗೆ ಹೋಗಿ ಕೂತಳು.

ಅವತ್ತೇ ಅಂಗಡಿಗೆ ಬಂದು, ಬಿಟ್ಟಿದ್ದ ಅಂಶವನ್ನು ಮನವಿಗೆ ಸೇರಿಸಿ ಪೂರ್ತಿ ಮತ್ತೆ ಟೈಪು ಮಾಡಿದೆ. ಐದು ತಾಲೂಕಿನವರ ಸಹಿಯ ಸಾಲಿನಲ್ಲಿ ನನ್ನದೂ ಇದೆ. ಅದು ಯಾರ ಮೇಜಿನ ಮೇಲೆ ಹೋಗಿ ಕೂತಿತೋ ಗೊತ್ತಿಲ್ಲ. ಇವತ್ತಿಗೂ ಕಾನೂನಿನ ಸುದ್ದಿ ಬಂದರೆ ಪತ್ರಿಕೆಯನ್ನು ಕೊನೆಯ ಸಾಲಿನ ತನಕ ಓದುತ್ತೇನೆ. ಬರಲಿ, ಬಿಗಿಯಾಗಿಯೇ ಬರಲಿ, ನನ್ನಂಥವರನ್ನೂ ಹಿಡಿಯುವಂತೆ ಬರಲಿ.

ದೀಪಾವಳಿಗೆ ಎರಡು ದಿನ ಇತ್ತು. ಮಳೆ ನಿಂತು ಬಿಸಿಲು ಚುರುಕಾಗಿತ್ತು. ಬೀರಪ್ಪನನ್ನು ಹಟ್ಟಿಯವರು ಮತ್ತೆ ಜೊತೆಗೆ ಸೇರಿಸಿಕೊಂಡಿದ್ದರು. ಮೈಲವ್ವನ ಕಾಗದಗಳು ದುರುಪಯೋಗವಾಗಿವೆ, ಅವಳ ತಪ್ಪಿಲ್ಲ ಎಂದು ಠಾಣೆಯಿಂದ ಒಂದು ಪತ್ರವೂ ಸಿಕ್ಕಿತ್ತು. ಅದನ್ನು ಹಿಡಿದುಕೊಂಡು ಅವಳು ಅಂಗಡಿಗೆ ಬಂದಳು. ಹಿಂಡು ಮರುವಾರ ಹೊರಡುವುದಿತ್ತು.

"ಇದರದೊಂದು ಝೆರಾಕ್ಸ್ ಬೇಕ್ರಿ" ಎಂದಳು.

ಪತ್ರವನ್ನು ಗಾಜಿನ ಮೇಲೆ ನೇರವಾಗಿ ಇಟ್ಟೆ. ಅವಳು ಮೇಜಿನ ಈಚೆ ಬಂದು ನನ್ನ ಪಕ್ಕದಲ್ಲೇ ನಿಂತಳು. ಪ್ರತಿ ಚೆನ್ನಾಗಿ ಬಂತು. ಪತ್ರ, ಪ್ರತಿ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಗಂಟನ್ನು ಮೊದಲೇ ತೆಗೆದಿಟ್ಟಿದ್ದೆ, ಕೊಟ್ಟೆ. ಅಲ್ಲೇ ಬಿಚ್ಚಿ, ಒಂದೊಂದು ಕಾಗದದ ಮೇಲಿನ ತನ್ನ ಮುಖದ ಮೇಲೆ ಬೆರಳಿಟ್ಟು ನೋಡಿ ಮತ್ತೆ ಕಟ್ಟಿದಳು. ಆಮೇಲೆ ಯಂತ್ರದ ಮುಚ್ಚಳ ಎತ್ತಿ ನೋಡಿದಳು. ಬಗ್ಗಿ ಮೇಜಿನ ಕೆಳಗೆ ನೋಡಿದಳು.

"ನಿಂದು ಒಂದು ಚೂರೂ ಇಲ್ಲಿ ಇಲ್ಲ ಮೈಲವ್ವ. ದೇವರಾಣಿ" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ.

"ನೀವು ಒಂಚೂರು ಹೊರಗ ನಿಂದರ್ರಿ. ನಾನ ನೋಡ್ಕಂತೀನಿ."

ಮೆಟ್ಟಿಲಿಳಿದು ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಹೋಗಿ ಬರುವವರು ನನ್ನನ್ನೂ ಅಂಗಡಿಯನ್ನೂ ನೋಡುತ್ತಿದ್ದರು. ಒಳಗೆ ಅವಳು ಮೇಜಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆಯುವ ಸದ್ದು ಕೇಳುತ್ತಿತ್ತು. ಅವಳು ಮುಗಿಸಿ ಹೊರಗೆ ಬರುವ ತನಕ ನಾನು ಒಳಗೆ ಹೋಗಲಿಲ್ಲ.